ಟೊಮೆಟೊ ಸಸಿ: ಕಿಟಕಿಯಿಂದ ಪಾತಿಗೆ ದಾಟಿಸುವುದು ಹೇಗೆ?

ಟೊಮೆಟೊ ಬೀಜ ಮೊಳೆಯುವುದು ದೊಡ್ಡ ಕಷ್ಟವೇನಲ್ಲ. ಅಷ್ಟನ್ನು ಎಲ್ಲರೂ ಮಾಡಿಕೊಳ್ಳುತ್ತಾರೆ. ಸಸಿ ಕೈತಪ್ಪುವುದು ಆಮೇಲೆ. ಒಂದೂವರೆ ತಿಂಗಳು ಕಿಟಕಿ ಪಕ್ಕ ಜೋಪಾನ ಮಾಡಿದ ಸಸಿಯನ್ನು ಒಂದು ಬೆಳಿಗ್ಗೆ ನೇರವಾಗಿ ಬಿಸಿಲಿನ ಪಾತಿಗೆ ನೆಡುತ್ತಾರೆ. ಒಂದೆರಡು ದಿನದಲ್ಲೇ ಎಲೆ ಮೇಲೆ ಬಿಳಿ ಮಚ್ಚೆ ಏಳುತ್ತದೆ. ಆಮೇಲೆ ಆ ಎಲೆ ಕಾಗದದ ಹಾಗೆ ಒಣಗುತ್ತದೆ. ಬೀಜ ಸರಿಯಿಲ್ಲ, ರೋಗ ಬಂತು ಅಂತ ಔಷಧಿ ಹುಡುಕಲು ಶುರು ಮಾಡುತ್ತಾರೆ. ಅದು ರೋಗ ಅಲ್ಲ, ಬಿಸಿಲು ಸುಟ್ಟ ಗಾಯ. ಇದನ್ನು ಎಷ್ಟೋ ಜನರ ಪಾತಿಯಲ್ಲಿ ನೋಡಿದ್ದೇನೆ. ಹಾಗಾಗಿ ಬೀಜ ಹಾಕುವ ಮಾತನ್ನು ಇಲ್ಲಿ ಬೇಗ ಮುಗಿಸುತ್ತೇನೆ.

ಬೀಜ ಹಾಕುವುದು

ಪಾತಿಗೆ ನೆಡಬೇಕೆಂದಿರುವ ದಿನದಿಂದ ಆರರಿಂದ ಎಂಟು ವಾರ ಹಿಂದಕ್ಕೆ ಎಣಿಸಿ ಬೀಜ ಹಾಕಿ. ಅದಕ್ಕಿಂತ ಬೇಗ ಬೇಡ. ಚಿಕ್ಕ ಕಪ್ಪಿನಲ್ಲಿ ಜಾಸ್ತಿ ದಿನ ಕೂತ ಸಸಿಯ ಬೇರು ಸುತ್ತಿಕೊಳ್ಳುತ್ತದೆ. ಅಂಥ ಸಸಿಗಿಂತ ಚಿಕ್ಕದೇ ಆದರೂ ಗಟ್ಟಿಯಾದ ಸಸಿ ನೆಟ್ಟ ಮೇಲೆ ಬೇಗ ಚೇತರಿಸಿಕೊಳ್ಳುತ್ತದೆ.

ತಳದಲ್ಲಿ ತೂತಿರುವ ಕಪ್ಪು ಅಥವಾ ಟ್ರೇ ತೆಗೆದುಕೊಳ್ಳಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಚೆನ್ನಾಗಿ ಕಳಿತ ಎರೆಗೊಬ್ಬರದ ಹಗುರ ಮಿಶ್ರಣ ತುಂಬಿ. ಪಾತಿಯ ಮಣ್ಣನ್ನು ತಂದು ಹಾಕಬೇಡಿ. ಅದು ಗಟ್ಟಿ ಕಟ್ಟುತ್ತದೆ, ಜೊತೆಗೆ ಶಿಲೀಂಧ್ರವನ್ನೂ ತರುತ್ತದೆ. ಅರ್ಧದಿಂದ ಒಂದು ಸೆಂಟಿಮೀಟರ್ ಆಳಕ್ಕೆ ಬೀಜ ಹಾಕಿ, ತೇವ ಆರದಂತೆ ಮುಚ್ಚಿಡಿ. 21ರಿಂದ 27 ಡಿಗ್ರಿ ಸೆಲ್ಸಿಯಸ್ ಬಿಸಿ ಇದ್ದರೆ ಸಾಮಾನ್ಯವಾಗಿ ಐದರಿಂದ ಹತ್ತು ದಿನದೊಳಗೆ ಮೊಳಕೆ ಬರುತ್ತದೆ. ಮೊದಲ ಮೊಳಕೆ ಕಂಡ ಕೂಡಲೇ ಮುಚ್ಚಳ ತೆಗೆಯಿರಿ. ಮುಚ್ಚಿಯೇ ಇಟ್ಟರೆ ಬುಡ ಕೊಳೆತು ಸಸಿಗಳು ಒಂದೊಂದಾಗಿ ಮಲಗುತ್ತವೆ. ಮಲಗಿದ ಸಸಿಗೆ ಔಷಧಿ ಇಲ್ಲ.

ನೀರು ಹಾಕಿದರೆ ಉಬ್ಬುವ ಒಣ ಬಿಲ್ಲೆಗಳು ಸಿಗುತ್ತವಲ್ಲ, ಅವು ನನಗೆ ಇಷ್ಟವಿಲ್ಲ. ಸುತ್ತಲಿನ ಬಲೆ ಎಷ್ಟೋ ಸಲ ಮಣ್ಣಿನಲ್ಲಿ ಕರಗದೆ ಉಳಿದು ಬೇರನ್ನು ಹಿಡಿದುಕೊಳ್ಳುತ್ತದೆ. ಬಳಸಲೇಬೇಕೆಂದರೆ ನೆಡುವಾಗ ಬಲೆಯನ್ನು ಕತ್ತರಿಸಿ ತೆಗೆಯಿರಿ.

ಬೆಳಕು ಮತ್ತು ಜಾಗ ಬದಲಿಸುವುದು

ಸಸಿ ಉದ್ದಕ್ಕೆ, ತೆಳ್ಳಗೆ, ಬೆಳ್ಳಗೆ ಬೆಳೆಯುತ್ತಿದೆಯಾ? ಅದಕ್ಕೆ ಬೆಳಕು ಸಾಲುತ್ತಿಲ್ಲ. ಗೊಬ್ಬರ ಕೊಟ್ಟರೆ ಇನ್ನೂ ಉದ್ದವಾಗುತ್ತದೆ ಅಷ್ಟೆ. ಕಿಟಕಿ ಬೆಳಕು ಕಡಿಮೆಯಾದರೆ ಒಂದು ಸಾಮಾನ್ಯ ಎಲ್‌ಇಡಿ ಟ್ಯೂಬನ್ನು ಸಸಿಯ ತುದಿಯಿಂದ ಐದರಿಂದ ಹತ್ತು ಸೆಂಟಿಮೀಟರ್ ಮೇಲೆ ತೂಗುಹಾಕಿ. ದಿನಕ್ಕೆ 14ರಿಂದ 16 ಗಂಟೆ ಉರಿಸಿ. ಸಸಿ ಬೆಳೆದಂತೆ ಟ್ಯೂಬನ್ನೂ ಮೇಲೇರಿಸಿ. ದಿನಕ್ಕೆರಡು ಸಲ ಸಸಿಗಳ ತುದಿ ಮೇಲೆ ಅಂಗೈಯನ್ನು ಹಗುರವಾಗಿ ಆಡಿಸಿ. ಹೀಗೆ ಅಲುಗಾಡಿದ ಕಾಂಡ ಗಿಡ್ಡವಾಗಿ, ಗಟ್ಟಿಯಾಗಿ ಬೆಳೆಯುತ್ತದೆ.

ಮೊದಲು ಬರುವ ಎರಡು ನುಣುಪಾದ ಎಲೆಗಳು ಬೀಜದೆಲೆಗಳು. ಅವುಗಳ ನಂತರ ಅಂಚು ಸೀಳಿದ ನಿಜವಾದ ಎಲೆಗಳು ಬಂದಾಗ ದೊಡ್ಡ ಕಪ್ಪಿಗೆ ಬದಲಿಸಿ. ಸಸಿಯನ್ನು ಎಲೆ ಹಿಡಿದು ಎತ್ತಿ, ಕಾಂಡ ಹಿಡಿಯಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ. ಕಾಂಡ ಜಜ್ಜಿದರೆ ಸಸಿಯೇ ಹೋಗುತ್ತದೆ. ಬೀಜದೆಲೆಯವರೆಗೆ ಮಣ್ಣಿನೊಳಗೆ ಇಳಿಸಿ.

ಹೊರಗಿನ ಬಿಸಿಲಿಗೆ ಒಗ್ಗಿಸುವುದು

ಇನ್ನು ಮುಂದಿನದನ್ನು ನಿಧಾನವಾಗಿ ಓದಿ. ಮನೆಯೊಳಗಿನ ಸಸಿಯ ಎಲೆ ಮೇಲೆ ಮೇಣದ ಪದರ ತೆಳ್ಳಗಿರುತ್ತದೆ. ಕಿಟಕಿಯ ಗಾಜು ಬಿಸಿಲಿನ ನೇರಳಾತೀತ ಕಿರಣಗಳ ಒಂದು ಭಾಗವನ್ನು ತಡೆಯುತ್ತದೆ. ಗಾಳಿ ಬಡಿದಿಲ್ಲವಾದ್ದರಿಂದ ಕಾಂಡವೂ ಮೆತ್ತಗೆ. ‘ನಮ್ಮ ಕಿಟಕಿಗೆ ಚೆನ್ನಾಗಿ ಬಿಸಿಲು ಬರುತ್ತೆ, ಹಾಗಾಗಿ ಸಸಿಗೆ ಅಭ್ಯಾಸವಿದೆ’ ಅನ್ನುವವರು ತುಂಬಾ ಜನ. ಅದು ನಿಜವಲ್ಲ. ಗಾಜಿನ ಹಿಂದಿನ ಬಿಸಿಲನ್ನು ಈ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಡಿ.

ಇದಕ್ಕೆ ಏಳರಿಂದ ಹತ್ತು ದಿನ ಬೇಕು. ನನ್ನ ಮಾತು ಕೇಳುವುದಾದರೆ ಹತ್ತು ದಿನವೇ ಇಟ್ಟುಕೊಳ್ಳಿ.

ಮೊದಲ ಎರಡು ದಿನ ಬಿಸಿಲೇ ಬೇಡ. ಗಾಳಿ ಬೀಸದ ಪೂರ್ತಿ ನೆರಳಿನಲ್ಲಿ ಒಂದೆರಡು ಗಂಟೆ ಇಟ್ಟು ಒಳಗೆ ತನ್ನಿ. ಹೊರಗಿನ ನೆರಳೇ ಕೋಣೆಯ ಬೆಳಕಿಗಿಂತ ಎಷ್ಟೋ ಪಟ್ಟು ಪ್ರಖರ, ಅಷ್ಟು ಸಾಕು. ಮೂರನೇ ದಿನ ಬೆಳಗಿನ ಎಳೆ ಬಿಸಿಲಿಗೆ ಅರ್ಧ ಗಂಟೆ ಇಟ್ಟು, ಮತ್ತೆ ನೆರಳಿಗೆ ಸರಿಸಿ. ಅಲ್ಲಿಂದ ದಿನಕ್ಕೆ ಅರ್ಧ-ಮುಕ್ಕಾಲು ಗಂಟೆ ಬಿಸಿಲು ಹೆಚ್ಚಿಸುತ್ತಾ ಹೋಗಿ. ಮಧ್ಯಾಹ್ನದ ಬಿಸಿಲನ್ನು ಕೊನೆಯ ಎರಡು ಮೂರು ದಿನಕ್ಕೆ ಉಳಿಸಿಕೊಳ್ಳಿ. ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯದು ಅನ್ನುವುದು ಖಚಿತವಾದ ಮೇಲೆ, ಕೊನೆಯ ದಿನಗಳಲ್ಲಿ ರಾತ್ರಿಯೂ ಹೊರಗೇ ಬಿಡಿ.

ಇಲ್ಲೊಂದು ಮೋಸ ಇದೆ. ನಡುವೆ ಮೂರು ದಿನ ಮೋಡ ಕವಿದಿರುತ್ತದೆ ಅಂದುಕೊಳ್ಳಿ. ಸಸಿ ಇಡೀ ದಿನ ಹೊರಗಿದ್ದು ಚೆನ್ನಾಗಿಯೇ ಇರುತ್ತದೆ. ನಾಲ್ಕನೇ ದಿನ ಮೋಡ ಸರಿದು ಸುಡು ಬಿಸಿಲು ಬಿದ್ದರೆ ಎಲ್ಲಾ ಎಲೆ ಸುಟ್ಟುಹೋಗುತ್ತದೆ. ಮೋಡದ ದಿನಗಳು ಬಿಸಿಲಿನ ಅಭ್ಯಾಸವಾಗಿ ಲೆಕ್ಕಕ್ಕೆ ಬರುವುದಿಲ್ಲ. ಹೊರಗೆ ಎಷ್ಟು ಗಂಟೆ ಇತ್ತು ಅನ್ನುವುದನ್ನಲ್ಲ, ನೇರ ಬಿಸಿಲು ಎಷ್ಟು ಹೊತ್ತು ಬಿತ್ತು ಅನ್ನುವುದನ್ನು ಎಣಿಸಿ.

ಗಾಳಿಯ ವಿಷಯವೂ ಹಾಗೆಯೇ. ಬಿಸಿಲಿಲ್ಲದಿದ್ದರೂ ಜೋರು ಗಾಳಿ ಎಲೆಯ ತೇವ ಹೀರುತ್ತದೆ. ಚಿಕ್ಕ ಕಪ್ಪಿನ ಮಣ್ಣು ಒಂದೆರಡು ಗಂಟೆಯಲ್ಲೇ ಒಣಗಿಬಿಡಬಹುದು. ಹೊರಗಿಡುವ ಮೊದಲು ನೀರು ಹಾಕಿ, ಮಧ್ಯೆ ಒಮ್ಮೆ ಬೆರಳಿಟ್ಟು ನೋಡಿ. ಈ ದಿನಗಳಲ್ಲಿ ನೀರು ಸ್ವಲ್ಪ ಕಡಿಮೆ ಮಾಡಬೇಕು ಅನ್ನುವುದು ಸರಿಯೇ. ಅದರರ್ಥ ಮೇಲ್ಮಣ್ಣು ಒಣಗಿದ ಮೇಲೆ ಹಾಕಬೇಕು ಅಂತ, ಸಸಿ ಬಾಡುವವರೆಗೆ ಕಾಯಬೇಕು ಅಂತಲ್ಲ. ಸಾರಜನಕ ಜಾಸ್ತಿಯಿರುವ ಗೊಬ್ಬರವನ್ನೂ ನಿಲ್ಲಿಸಿ. ಅದು ಮೆತ್ತನೆಯ ಚಿಗುರು ಹುಟ್ಟಿಸುತ್ತದೆ.

ಕೆಲಸಕ್ಕೆ ಹೋಗುವವರಿಗೆ ಗಂಟೆಗೊಮ್ಮೆ ಟ್ರೇ ಸರಿಸಲು ಆಗಲ್ಲ, ಅಲ್ವಾ? ಬೆಳಿಗ್ಗೆ ಸ್ವಲ್ಪ ಹೊತ್ತು ಬಿಸಿಲು ಬಿದ್ದು ಆಮೇಲೆ ಗೋಡೆಯ ನೆರಳು ಬರುವ ಜಾಗ ಹುಡುಕಿ. ಅಥವಾ ಮೊದಲ ವಾರ ಬಿಸಿಲನ್ನು ಅರ್ಧ ತಡೆಯುವ 50 ಪರ್ಸೆಂಟ್ ನೆರಳು ಪರದೆ ಕಟ್ಟಿ. ಎರಡೂ ಇಲ್ಲವೆಂದರೆ ದಿನಗಳನ್ನು ಹೆಚ್ಚಿಸಿಕೊಳ್ಳಿ. ಶನಿವಾರ, ಭಾನುವಾರ ಎರಡೇ ದಿನದಲ್ಲಿ ಇದನ್ನು ಮುಗಿಸುವ ಅಡ್ಡದಾರಿ ಇಲ್ಲ.

ಒಗ್ಗಿದ ಸಸಿಯ ಕಾಂಡ ಬಿರುಸಾಗಿರುತ್ತದೆ, ಎಲೆ ದಪ್ಪವಾಗಿ ಹಸಿರು ಗಾಢವಾಗುತ್ತದೆ. ಹೊರಗೆ ಬಂದ ಮೇಲೆ ಮೂಡಿದ ಒಂದು ಹೊಸ ಎಲೆ ಕಂಡರೆ ನನಗೆ ಧೈರ್ಯ. ಅಷ್ಟರಲ್ಲಿ ಸುಟ್ಟ ಮಚ್ಚೆ ಬಂದರೆ ಗಾಬರಿ ಬೇಡ. ಆ ಮಚ್ಚೆ ವಾಸಿಯಾಗುವುದಿಲ್ಲ, ಆದರೆ ತುದಿ ಚಿಗುರು ಹಸಿರಾಗಿದ್ದರೆ ಸಸಿ ಬದುಕುತ್ತದೆ. ಎರಡು ದಿನ ನೆರಳಿಗೆ ಹಿಂದಿರುಗಿಸಿ, ಮತ್ತೆ ಕಡಿಮೆಯಿಂದ ಶುರು ಮಾಡಿ.

ಪಾತಿಗೆ ನೆಡುವುದು

ಸಂಜೆ ನೆಡಿ, ಅಥವಾ ಮೋಡದ ದಿನ ನೆಡಿ. ಒಂದು ಗಂಟೆ ಮುಂಚೆ ಕಪ್ಪಿಗೆ ನೀರು ಹಾಕಿ. ಟೊಮೆಟೊದ ಕಾಂಡ ಮಣ್ಣಿನೊಳಗೆ ಹೋದಲ್ಲೆಲ್ಲಾ ಬೇರು ಬಿಡುತ್ತದೆ. ಕೆಳಗಿನ ಎಲೆಗಳನ್ನು ಚಿವುಟಿ, ಮೇಲಿನ ಎಲೆಗೊಂಚಲು ಮಾತ್ರ ಹೊರಗುಳಿಯುವಷ್ಟು ಆಳಕ್ಕೆ ಇಳಿಸಿ. ತೀರಾ ಉದ್ದವಾದ ಸಸಿಗೆ ಆಳದ ಗುಂಡಿಗಿಂತ ಓರೆ ಕಾಲುವೆ ಒಳ್ಳೆಯದು: ಕಾಂಡವನ್ನು ಮಲಗಿಸಿ, ತುದಿಯನ್ನು ನಿಧಾನವಾಗಿ ಮೇಲಕ್ಕೆ ಬಾಗಿಸಿ ಮಣ್ಣು ಮುಚ್ಚಿ. ಕಸಿ ಮಾಡಿದ ಸಸಿಗೆ ಮಾತ್ರ ಇದು ಸಲ್ಲ. ಕಸಿಯ ಗಂಟು ಮಣ್ಣಿನ ಮೇಲೆಯೇ ಇರಬೇಕು, ಇಲ್ಲದಿದ್ದರೆ ಮೇಲಿನ ಕಾಂಡವೇ ಬೇರು ಬಿಟ್ಟು ಕಸಿ ಮಾಡಿದ್ದು ವ್ಯರ್ಥವಾಗುತ್ತದೆ.

ಮಣ್ಣಿನಲ್ಲಿ ಕರಗುತ್ತದೆ ಎಂದು ಮಾರುವ ಕುಂಡವನ್ನು ಹಾಗೆಯೇ ಹೂಳುವಾಗ ಅದರ ಅಂಚು ಮಣ್ಣಿನ ಮೇಲೆ ಉಳಿಯಬಾರದು. ಉಳಿದರೆ ಆ ಅಂಚು ತೇವವನ್ನು ಮೇಲಕ್ಕೆ ಹೀರಿ ಗಾಳಿಗೆ ಬಿಡುತ್ತದೆ, ಒಳಗಿನ ಬೇರು ಒಣಗುತ್ತದೆ. ನಾನಂತೂ ಅಂಚು, ತಳ ಎರಡನ್ನೂ ಹರಿದೇ ನೆಡುತ್ತೇನೆ.

ಸಸಿಗಳ ನಡುವೆ 45ರಿಂದ 60 ಸೆಂಟಿಮೀಟರ್ ಬಿಡಿ. ಆಸರೆ ಕೋಲನ್ನು ನೆಡುವಾಗಲೇ ಊರಿ, ಆಮೇಲೆ ಊರಿದರೆ ಬೇರಿಗೆ ಪೆಟ್ಟು ಬೀಳುತ್ತದೆ. ಬುಡಕ್ಕೆ ನಿಧಾನವಾಗಿ, ಧಾರಾಳವಾಗಿ ನೀರು ಹಾಕಿ, ಎಲೆ ನೆನೆಸಬೇಡಿ. ಒಣ ಹುಲ್ಲಿನ ಹೊದಿಕೆ ಹಾಕಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ರಾತ್ರಿ ಕಾಂಡ ಕತ್ತರಿಸುವ ಹುಳುವಿನ ಕಾಟ ಇರುವಲ್ಲಿ ಬುಡದ ಸುತ್ತ ರಟ್ಟಿನ ಬಳೆ ಇಡಿ. ಅದು ಸ್ವಲ್ಪ ಮಣ್ಣಿನೊಳಗೂ ಇಳಿದಿರಬೇಕು.

ಮರುದಿನ ಮಧ್ಯಾಹ್ನ ಎಲೆ ಜೋತುಬಿದ್ದರೆ ಓಡಿಹೋಗಿ ನೀರು ಸುರಿಯಬೇಡಿ. ಮೊದಲು ಮಣ್ಣು ಮುಟ್ಟಿ ನೋಡಿ. ತೇವ ಇದ್ದರೆ ಸುಮ್ನೆ ಬಿಡಿ, ಸಂಜೆ ಹೊತ್ತಿಗೆ ಎಲೆ ಎದ್ದು ನಿಲ್ಲುತ್ತದೆ. ಬೆಳಿಗ್ಗೆಯೂ ಜೋತೇ ಇದ್ದರೆ ಎರಡು ಮೂರು ದಿನ ಮಧ್ಯಾಹ್ನಕ್ಕೆ ನೆರಳು ಕಟ್ಟಿ. ನೆಟ್ಟ ಹೊತ್ತಿಗೇ ಹೂ ಬಿಟ್ಟಿದ್ದರೆ ಚಿವುಟಿಬಿಡಿ, ಬೇರು ಹರಡಲಿ. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಬೇಡ, ಕಂಡ ಮೇಲೆ ತೆಳುವಾಗಿ ಕೊಡಲು ಶುರು ಮಾಡಿ. ಕೋಲಿಗೆ ಕಟ್ಟುವಾಗ ಮೆತ್ತನೆ ಬಟ್ಟೆಯ ಪಟ್ಟಿ ಬಳಸಿ, ಕಾಂಡ ದಪ್ಪವಾಗಲು ಒಂದು ಬೆರಳು ತೂರುವಷ್ಟು ಸಡಿಲ ಬಿಡಿ.