ವಿಗ್ನೆಟ್ ಹಾಕಾಕ ಹೋಗಿ ಕಾಕಾನ್ನ ಕತ್ತಲಿಗೆ ಹಾಕಿದ್ದೆ

ನಾ ಬಾಗಲಕೋಟಿ ಕಡೆ ಮದುವಿ ವಿಡಿಯೋ ಎಡಿಟ್ ಮಾಡ್ತೀನ್ರಿ. ಶುರುವಿನ್ಯಾಗ ವಿಗ್ನೆಟ್, ಅಂದ್ರ ಫ್ರೇಮಿನ ಮೂಲಿ ಅಂಚು ಕಪ್ಪು ಮಾಡೂದು, ಅದರ ಹುಚ್ಚು ಎಷ್ಟಿತ್ತಂದ್ರ ಪೂರ್ತಿ ಟೈಮ್‌ಲೈನ್ ಮ್ಯಾಲೆ ಒಂದು ಅಡ್ಜಸ್ಟ್‌ಮೆಂಟ್ ಲೇಯರ್ (ಕೆಳಗಿನ ಎಲ್ಲಾ ಶಾಟಿಗೂ ಒಮ್ಮೆಲೆ ಹತ್ತೂ ಪದರ) ಎಳದು, ಪ್ರೀಮಿಯರ್ ಅನ್ನೂ ಎಡಿಟಿಂಗ್ ಸಾಫ್ಟ್‌ವೇರ್‌ನ ಬಣ್ಣ ತಿದ್ದೂ ಲುಮೆಟ್ರಿಯೊಳಗ ವಿಗ್ನೆಟ್ ಅಮೌಂಟ್ ಮೈನಸ್ 2ಕ್ಕ ಇಟ್ಟು ಎಕ್ಸ್‌ಪೋರ್ಟ್ ಒತ್ತಿಬಿಡ್ತಿದ್ದೆ, ಮೂಲಿ ಕಪ್ಪಾದ್ರ ಸಿನಿಮಾ ಆತು ಅಂತ ನನ್ನ ತಿಳುವಳಿಕಿ.

ಒಂದು ಮದುವ್ಯಾಗ ಅಕ್ಷತಿ ಆದಮ್ಯಾಲೆ ಮನಿ ಮಂದಿ ಎಲ್ಲಾ ಸ್ಟೇಜ್ ಮ್ಯಾಲೆ ಸಾಲಾಗಿ ನಿಂತಿದ್ರು, ತುದಿಗಿದ್ದ ಮದುಮಗಳ ಕಾಕಾ ಅರ್ಧ ಮಾಯ. ಪೆನ್‌ಡ್ರೈವ್ ಕೊಟ್ಟ ಮರುದಿನ ಫೋನ್ ಬಂತು, "ತಮ್ಮಾ, ಕಲ್ಯಾಣ ಮಂಟಪದ ರೊಕ್ಕ ಕೊಟ್ಟಾಂವ ನಾ, ನನ್ನ ಒಬ್ಬನ್ನ ಕತ್ತಲ್ಯಾಗ ನಿಲ್ಲಿಸಿಯಲ್ಲೋ?" ಹಿಂದಿಂದ ಅವರ ಮನಿಯವರು, "ನನ್ನ ಇಳಕಲ್ ಸೀರಿ ಕೆಂಪ ಸೆರಗು ಹುಣಸಿಹಣ್ಣಿನ ಬಣ್ಣ ಆಗೇತಿ ಅಂತ ಹೇಳ್ರಿ." ಇಡೀ ವಿಡಿಯೋ ಮತ್ತೊಮ್ಮೆ ರೆಂಡರ್ ಮಾಡಿ ಕೊಟ್ಟೆ, ಬ್ಯಾರೆ ದಾರಿ ಇರ್ಲಿಲ್ಲ.

ಆವಾಗಿಂದ ಗುಂಪಿನ ಶಾಟಿಗೆ ವಿಗ್ನೆಟ್ ಹಾಕೂದಿಲ್ಲ. ಒಬ್ಬರs ಇದ್ದ ಶಾಟಿಗೆ ಅಷ್ಟ, ಅದೂ ಡಾವಿಂಚಿ ರಿಸಾಲ್ವ್ ಅನ್ನೂ ಇನ್ನೊಂದು ಸಾಫ್ಟ್‌ವೇರ್‌ನ ಕಲರ್ ಪೇಜ್‌ನ್ಯಾಗ. ಹೊಸಾ ನೋಡ್ (ಬಣ್ಣ ತಿದ್ದೂ ಒಂದು ಹಂತ) ಹಾಕಿ, ಫ್ರೇಮಿನ ನಡುವ ಅಲ್ಲ, ಮಾರಿ ಮ್ಯಾಲೆ ಉದ್ದನ ವೃತ್ತದ ವಿಂಡೋ ಇಟ್ಟು, ವೃತ್ತದ ಹೊರಗಷ್ಟ ಹತ್ತೂವಂಗ ಇನ್ವರ್ಟ್ ಮಾಡಿ, ಸಾಫ್ಟ್‌ನೆಸ್ ಚೊಲೋತ್ನಂಗ ಏರಿಸಿ ಗ್ಯಾಮಾ, ಅಂದ್ರ ನಡುವಿನ ಮಟ್ಟದ ಬೆಳಕು, ಚೂರs ಇಳಸ್ತೀನಿ. ಗೇನ್, ಅಂದ್ರ ಭಾಳ ಬೆಳ್ಳಗಿರೂ ಭಾಗದ ಬೆಳಕು, ಮುಟ್ಟೂದಿಲ್ಲ, ಅದನ್ನ ಇಳಿಸಿದ್ರ ಬಿಳೆ ಧೋತ್ರ ಒಗೀಲಾರದ್ದರಗತೆ ಕಾಣತೈತಿ. ಆಮ್ಯಾಲೆ ಟ್ರ್ಯಾಕ್ ಒತ್ತಬೇಕ್ರಿ, ಇಲ್ಲಾಂದ್ರ ಮದುಮಗಳು ನಡಕೋಂತ ಹೋಗ್ತಾಳ, ಬೆಳಕು ಇದ್ದಲ್ಲೇ ನಿಂತಿರತೈತಿ. ನೋಡ್ ಒಮ್ಮೆ ಬಂದ್ ಒಮ್ಮೆ ಚಾಲೂ ಮಾಡಿ ನೋಡ್ತೀನಿ, ಚಾಲೂ ಇದ್ದಾಗ ವೃತ್ತದ ಅಂಚು ಎಲ್ಲೈತಿ ಅಂತ ಗೊತ್ತಾತಂದ್ರ ಜಾಸ್ತಿ ಆಗೇತಿ ಅಂತ.

ಇನ್ನೊಂದು ಪೆಟ್ಟು ಬಾದಾಮ್ಯಾಗ ತಿಂದೆ. ಅಗಸ್ತ್ಯ ತೀರ್ಥದ ದಂಡಿಮ್ಯಾಲೆ, ಹಿಂದ ಭೂತನಾಥ ಗುಡಿ, ಮ್ಯಾಲೆ ಖಾಲಿ ಆಕಾಶ, ಪ್ರಿ ವೆಡ್ಡಿಂಗ್ ಶಾಟ್. ವಿಗ್ನೆಟ್ ಹಾಕಿದ್ದು ನನ್ನ ಮಾನಿಟರ್‌ನ್ಯಾಗ ಚಂದ ಇತ್ತು, ವಾಟ್ಸಾಪ್‌ನ್ಯಾಗ ಕಳಿಸಿದಮ್ಯಾಲೆ ಆಕಾಶದ ತುಂಬ ಉಳ್ಳಾಗಡ್ಡಿ ಹೆಚ್ಚಿದಂಗ ಉಂಗುರ. 8 ಬಿಟ್ ವಿಡಿಯೋದಾಗ ಒಂದೊಂದು ಬಣ್ಣಕ್ಕ 256 ಮೆಟ್ಲs ಇರೂದು, ನುಣ್ಣನ ಆಕಾಶ ನಿಧಾನಕ್ಕ ಕಪ್ಪಾಗಬೇಕಂದ್ರ ಮೆಟ್ಲ ಸಾಲೂದಿಲ್ಲ, ಮ್ಯಾಲೆ ಕಂಪ್ರೆಶನ್ ಬಿದ್ರ ಮುಗೀತು. ಸ್ವಲ್ಪ ಗ್ರೇನ್, ಅಂದ್ರ ಸಣ್ಣ ಕಾಳಿನಂಥಾ ಚುಕ್ಕಿ, ಬೆರೆಸಿದ್ರ ಉಂಗುರ ಮುಚ್ಚತೈತಿ, ಆದ್ರ ನಾ ಆಕಾಶ ಇದ್ದಲ್ಲಿ ವಿಗ್ನೆಟ್ ತಗದs ಬಿಡ್ತೀನಿ.

ಹಂಗs 50 ಎಂಎಂ ಲೆನ್ಸ್‌ನ್ಯಾಗ ಅಪರ್ಚರ್ (ಬೆಳಕು ಬಿಡೂ ಕಿಂಡಿ) 1.8ಕ್ಕ ಪೂರ್ತಿ ತಗದು ಹೊಡದಿದ್ರ ಮೂಲಿ ಮೊದಲs ಮಬ್ಬಾಗಿರತಾವ, ಅದನ್ನ ನೋಡಿಕೊಂಡು ಹಾಕ್ರಿ.