ಮಿಯಾಟಾದ ತೂಕ: ನೋಟ್‌ಬುಕ್ಕಿನ ಲೆಕ್ಕ, ತಕ್ಕಡಿಯ ಲೆಕ್ಕ

ಮಿಶಿಗನ್ನಿನ ಒಂದು ಉಪನಗರದಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ 1992ರ ಮಾಜ್ದಾ ಮಿಯಾಟಾ ಒಂದಿದೆ. 1.6 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ, ಎರಡೇ ಆಸನ, ಮಡಚಬಹುದಾದ ಬಟ್ಟೆಯ ಮಾಡು. 1989ರ ಫೆಬ್ರುವರಿಯಲ್ಲಿ ಷಿಕಾಗೊ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಾಗಿನಿಂದಲೂ ಈ ಕಾರನ್ನು ಮೆಚ್ಚುವವರು ಮೆಚ್ಚುವುದು ಅದರ ಎಂಜಿನ್ನಿನ ಬಲವನ್ನಲ್ಲ, ಅದರ ಹಗುರತನವನ್ನು. ಬೇಸಿಗೆಯ ಭಾನುವಾರಗಳಲ್ಲಿ ಖಾಲಿ ಪಾರ್ಕಿಂಗ್ ಜಾಗದಲ್ಲಿ ಕೋನ್‌ಗಳನ್ನು ನಿಲ್ಲಿಸಿ, ಒಬ್ಬೊಬ್ಬರಾಗಿ ಓಡಿಸಿ, ಸೆಕೆಂಡುಗಳ ಲೆಕ್ಕದಲ್ಲಿ ಪೈಪೋಟಿ ನಡೆಸುವ ಆಟೊಕ್ರಾಸ್‌ಗೆ ನಾನು ಇದನ್ನು ಒಯ್ಯುತ್ತೇನೆ. ಹೀಗಾಗಿ ಎಂಟು ವರ್ಷಗಳಿಂದ ಅದರಿಂದ ಒಂದಿಷ್ಟು ಬಿಚ್ಚುತ್ತ, ಅದಕ್ಕೆ ಒಂದಿಷ್ಟು ಜೋಡಿಸುತ್ತ ಬಂದಿದ್ದೇನೆ.

ಬಿಚ್ಚಿದ್ದನ್ನೂ ಜೋಡಿಸಿದ್ದನ್ನೂ ಬಚ್ಚಲಮನೆಯ ತಕ್ಕಡಿಯ ಮೇಲಿಟ್ಟು ತೂಗಿ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನ್ನ ರೂಢಿ. ಹವಾನಿಯಂತ್ರಣದ ಸಾಮಗ್ರಿ 17 ಕೆ.ಜಿ., ಪವರ್ ಸ್ಟಿಯರಿಂಗ್ 9, ಸ್ಟೆಪ್ನಿ ಮತ್ತು ಜಾಕ್ 13, ಹಳೆಯ ಬ್ಯಾಟರಿಗೆ ಬದಲು ಲಿಥಿಯಂ ಬ್ಯಾಟರಿ ಹಾಕಿದ್ದರಿಂದ 8, ಎರಡೂ ಆಸನ ಬದಲಿಸಿದ್ದರಿಂದ 14, ಸೈಲೆನ್ಸರ್ ಬದಲಿಸಿದ್ದರಿಂದ 7. ಒಟ್ಟು ಇಳಿದದ್ದು 68 ಕೆ.ಜಿ. ಏರಿದ್ದು, ಕಾರು ಮಗುಚಿದರೆ ತಲೆ ಕಾಯುವ ರೋಲ್ ಬಾರ್ 19 ಮತ್ತು ಎಂಜಿನ್ನಿನ ಬಲ ಹೆಚ್ಚಿಸುವ ಟರ್ಬೊ ಕಿಟ್ 22, ಅಂದರೆ 41. ಅಮೆರಿಕದ ಮಾದರಿಗೆ ಕಂಪನಿ ಕೊಟ್ಟಿದ್ದ ಸುಮಾರು 990 ಕೆ.ಜಿ. ಎಂಬ ಅಂಕಿಯಿಂದ ಹೊರಟು ಕೂಡಿ ಕಳೆದರೆ ನನ್ನ ಕಾರು 963 ಕೆ.ಜಿ. ತೂಗಬೇಕಿತ್ತು. ಎರಡು ವರ್ಷ ಕೇಳಿದವರಿಗೆಲ್ಲ ಈ ಅಂಕಿಯನ್ನೇ ಹೇಳಿಕೊಂಡು ತಿರುಗಿದೆ.

ನಮ್ಮಪ್ಪ ಮಂಡ್ಯದ ಕಡೆಯ ಕಬ್ಬಿನ ಬೆಳೆಗಾರ. ಟ್ರ್ಯಾಕ್ಟರು ಕಾರ್ಖಾನೆಯ ವೇ ಬ್ರಿಡ್ಜ್ ಹತ್ತಿದಾಗ ಮೊದಲು ಗ್ರಾಸ್, ಕಬ್ಬು ಇಳಿಸಿದ ಮೇಲೆ ಟೇರ್, ಎರಡರ ವ್ಯತ್ಯಾಸವೇ ನೆಟ್ ಎಂಬುದನ್ನು ನಾನು ಮಗ್ಗಿ ಕಲಿಯುವ ಮೊದಲೇ ಕಲಿತಿದ್ದೆ. ತೂಕದ ಹೊತ್ತಿಗೆ ಡ್ರೈವರು ಮೇಲೆ ಕುಳಿತಿದ್ದನೋ ಕೆಳಗೆ ನಿಂತಿದ್ದನೋ ಎಂಬುದರ ಮೇಲೆ ಅಲ್ಲಿ ಜಗಳಗಳೇ ಆಗುತ್ತಿದ್ದವು. ಇಷ್ಟೆಲ್ಲ ಕಂಡಿದ್ದ ನಾನು ಸ್ವಂತ ಕಾರನ್ನು ಒಂದು ಸಲವೂ ತಕ್ಕಡಿಗೆ ಹತ್ತಿಸದೆ ಕಾಗದದ ಲೆಕ್ಕವನ್ನೇ ನಂಬಿ ಕುಳಿತದ್ದು ನಾಚಿಕೆಯ ಸಂಗತಿಯೇ ಸರಿ.

ಕೊನೆಗೂ ಹೆದ್ದಾರಿ ಬದಿಯ ಟ್ರಕ್ ತಂಗುದಾಣಕ್ಕೆ ಹೋದೆ. ಅಲ್ಲಿನ ತಕ್ಕಡಿಯ ಹಾಸು ಬೇರೆ ಬೇರೆ ಭಾಗಗಳಾಗಿರುವುದರಿಂದ ಮುಂದಿನ ಆಕ್ಸಲ್ ಒಂದರ ಮೇಲೆ, ಹಿಂದಿನದು ಇನ್ನೊಂದರ ಮೇಲೆ ಬರುವಂತೆ ನಿಲ್ಲಿಸಿದರೆ ಎರಡರ ತೂಕವೂ ಪ್ರತ್ಯೇಕವಾಗಿ ಸಿಗುತ್ತದೆ. ಒಳಗಿನವರನ್ನು ಕರೆಯುವ ಗುಂಡಿ ಲಾರಿ ಚಾಲಕರ ಕೈಗೆಟುಕುವ ಎತ್ತರದಲ್ಲಿತ್ತು. ಮಿಯಾಟಾದಲ್ಲಿ ಕುಳಿತವನಿಗೆ ಅದು ಆಕಾಶದಲ್ಲಿದ್ದಂತೆ. ಆಸನದ ಮೇಲೆ ಮಂಡಿಯೂರಿ ನಿಂತು ಅದನ್ನು ಒತ್ತಿದೆ. ಚೀಟಿಯಲ್ಲಿ ಬಂದದ್ದು ಮುಂದೆ 1,260 ಪೌಂಡ್, ಹಿಂದೆ 1,140 ಪೌಂಡ್, ಒಟ್ಟು 2,400, ಅಂದರೆ 1,089 ಕೆ.ಜಿ. ಎದೆ ಧಸಕ್ಕೆಂದಿತು. ಅರ್ಧ ನಿಮಿಷದ ನಂತರವೇ ಹೊಳೆದದ್ದು, ನಾನೂ ತಕ್ಕಡಿಯ ಮೇಲೆಯೇ ಇದ್ದೆನೆಂದು. ಮಂಡ್ಯದ ಡ್ರೈವರನ ಜಗಳ ನೆನಪಾಗಿ ನಗು ಬಂತು.

ಇಳಿದು ಹಾಸಿನಿಂದಾಚೆ ನಿಂತು ಮತ್ತೆ ತೂಗಿಸಿದಾಗ ಮುಂದೆ 1,180, ಹಿಂದೆ 1,040, ಒಟ್ಟು 2,220 ಪೌಂಡ್ ಬಂತು. ಅದು 1,007 ಕೆ.ಜಿ. ಎರಡೂ ಚೀಟಿಗಳ ಅಂತರ 180 ಪೌಂಡ್, ಸುಮಾರು 82 ಕೆ.ಜಿ.; ನನ್ನ ತೂಕವೋ 76. ಈ ಆರು ಕೆ.ಜಿ. ಎಲ್ಲಿಂದ ಬಂತೆಂದರೆ, ಆ ತಕ್ಕಡಿ 20 ಪೌಂಡಿನ ಮೆಟ್ಟಿಲುಗಳಲ್ಲಿ ಮಾತ್ರ ಅಂಕಿ ಕೊಡುತ್ತದೆ, ಅದೂ ಪ್ರತಿ ಆಕ್ಸಲ್ಲಿಗೆ ಬೇರೆ ಬೇರೆಯಾಗಿ. ಮೆಟ್ಟಿಲೊಂದಕ್ಕೆ ಒಂಬತ್ತು ಕೆ.ಜಿ. ನಲವತ್ತು ಟನ್ನಿನ ಲಾರಿಗೆ ಇದು ಲೆಕ್ಕಕ್ಕಿಲ್ಲ. ಬ್ಯಾಟರಿಯಲ್ಲಿ ಎಂಟು ಕೆ.ಜಿ. ಉಳಿಸಿ ಬೀಗುವವನಿಗೆ ಇದೇ ತಕ್ಕಡಿ ಸಾಕಾಗದು. ಊರಿನಲ್ಲಿ ಲಾರಿಗಳ ವೇ ಬ್ರಿಡ್ಜ್ ಮೇಲೆ ಕಾರನ್ನು ತೂಗಿಸುವವರೂ ಆ ಯಂತ್ರದ ಮೆಟ್ಟಿಲು ಎಷ್ಟೆಂದು ಮೊದಲು ಕೇಳಿಕೊಳ್ಳುವುದು ಒಳ್ಳೆಯದು.

963 ಮತ್ತು 1,007ರ ನಡುವಿನ 44 ಕೆ.ಜಿ. ಎಲ್ಲಿ ಅಡಗಿತ್ತು? ವಾಸ್ತವದಲ್ಲಿ ಅಂತರ ಇನ್ನೂ ಹೆಚ್ಚಿತ್ತು. ಕಂಪನಿಯ ಅಂಕಿ ತುಂಬಿದ ಟ್ಯಾಂಕಿನದು, ಅಂದು ನನ್ನ ಟ್ಯಾಂಕು ಅರ್ಧ ಖಾಲಿ. ಈ ಕಾರಿನ ಟ್ಯಾಂಕ್ 45 ಲೀಟರಿನದು, ಪೆಟ್ರೋಲು ಲೀಟರಿಗೆ ಮುಕ್ಕಾಲು ಕೆ.ಜಿ.ಗಿಂತ ತುಸು ಕಡಿಮೆ, ಆದ್ದರಿಂದ ಇನ್ನೂ 16 ಕೆ.ಜಿ. ಸೇರಿಸಿ ಒಟ್ಟು 60 ಕೆ.ಜಿ.ಗೆ ನಾನು ಉತ್ತರ ಹೇಳಬೇಕಿತ್ತು. ನೋಟ್‌ಬುಕ್ ಹಿಡಿದು ಕಾರಿನ ಕೆಳಗೆ ಮಲಗಿದೆ. ಹೊಸ ಆಸನಗಳ ತೂಕ ಬರೆದಿದ್ದೆನೇ ಹೊರತು ಅವನ್ನು ನೆಲಕ್ಕೆ ಬಿಗಿಯುವ ಕಬ್ಬಿಣದ ಚೌಕಟ್ಟುಗಳನ್ನು ಬರೆದಿರಲಿಲ್ಲ. ಒಂದೊಂದೂ ನಾಲ್ಕು ಕೆ.ಜಿ. ಚಾಸಿಗೆ ಬಲ ಬರಲೆಂದು ಅಡಿಯಲ್ಲಿ ಜೋಡಿಸಿದ ಪಟ್ಟಿಗಳು 11 ಕೆ.ಜಿ. ಟರ್ಬೊ ತೂಗಿದ್ದೆ, ಇಂಟರ್‌ಕೂಲರ್ ತೂಗಿದ್ದೆ. ಪೈಪುಗಳು, ಕ್ಲಾಂಪುಗಳು, ದೊಡ್ಡ ರೇಡಿಯೇಟರಿನೊಳಗಿನ ಹೆಚ್ಚುವರಿ ನೀರು, ಇವೆಲ್ಲ ಸೇರಿ ಇನ್ನೂ 8.

ಆದರೆ ನನ್ನನ್ನು ಹೆಚ್ಚು ಕೆಣಕಿದ್ದು ಚಕ್ರಗಳು. ಹಳೆಯ 14 ಅಂಗುಲದ ಚಕ್ರದ ಬದಲು 15 ಅಂಗುಲದ ‘ಹಗುರ’ ರಿಮ್‌ಗಳನ್ನು ಕೊಂಡಿದ್ದೆ. ಮಾಜ್ದಾದ ಮೂಲ ಅಲಾಯ್ ರಿಮ್ಮೇ ಐದೂವರೆ ಕೆ.ಜಿ. ಆಸುಪಾಸಿನಲ್ಲಿದ್ದು, ಅದಕ್ಕಿಂತ ಹಗುರವಾದದ್ದು ಸುಲಭಕ್ಕೆ ಸಿಗುವುದಿಲ್ಲ ಎಂಬುದು ಆಗ ತಿಳಿದಿರಲಿಲ್ಲ. ಅಗಲವಾದ ಟೈರು ಹಾಕಿದ ಮೇಲೆ ಚಕ್ರವೊಂದಕ್ಕೆ 13ರಿಂದ ಹೆಚ್ಚುಕಡಿಮೆ 16 ಕೆ.ಜಿ.ಗೆ ಏರಿ, ನಾಲ್ಕೂ ಸೇರಿ 11 ಕೆ.ಜಿ. ಹೆಚ್ಚಾಗಿತ್ತು. ಹೀಗೆ 38 ಕೆ.ಜಿ. ಪತ್ತೆಯಾಯಿತು. ಉಳಿದ 22ರಲ್ಲಿ ಒಂದು ಪಾಲು ತಕ್ಕಡಿಯ ಮೆಟ್ಟಿಲುಗಳದ್ದು. ಮಿಕ್ಕದ್ದು ಮೊದಲಿನ ಮಾಲೀಕರು ತುಕ್ಕಿಗೆ ಹೆದರಿ ಅಡಿಯುದ್ದಕ್ಕೂ ಬಳಿಸಿದ್ದ ಡಾಂಬರಿನಂಥ ಲೇಪದ್ದು ಮತ್ತು ಪವರ್ ಕಿಟಕಿಯಂಥ ಸೌಲಭ್ಯಗಳದ್ದು ಎಂದು ನನ್ನ ಊಹೆ. ನನ್ನ ಕಾರು ಕಾರ್ಖಾನೆಯಿಂದ ಹೊರಟ ದಿನವೇ 990 ತೂಗುತ್ತಿರಲಿಲ್ಲ.

ಕಂಪನಿಯ ಅಂಕಿಗಳ ವಿಷಯವೂ ಇಷ್ಟೇ ಗೋಜಲು. ಇದೇ ಕಾರಿಗೆ ಜಪಾನಿನ ಕ್ಯಾಟಲಾಗು 940 ಕೆ.ಜಿ. ಎನ್ನುತ್ತದೆ, ಅಮೆರಿಕದ ಕಾರಿನಲ್ಲಿ ಏರ್‌ಬ್ಯಾಗ್ ಮೊದಲಿನಿಂದಲೂ ಇತ್ತು, ಸಲಕರಣೆಗಳೂ ಬೇರೆ. ಯುರೋಪಿನ ನಿಯಮದಂತೆ ಹೇಳುವ ತೂಕದಲ್ಲಿ ಶೇ. 90ರಷ್ಟು ಪೆಟ್ರೋಲಿನ ಜೊತೆಗೆ ಚಾಲಕನ ಲೆಕ್ಕಕ್ಕೆಂದು 75 ಕೆ.ಜಿ. ಸೇರಿರುತ್ತದೆ; ಅಮೆರಿಕದ ಕರ್ಬ್ ವೇಟ್‌ನಲ್ಲಿ, ಅಂದರೆ ಓಡಲು ಸಿದ್ಧವಾದ ಖಾಲಿ ಕಾರಿನ ತೂಕದಲ್ಲಿ, ಚಾಲಕ ಇರುವುದಿಲ್ಲ. ದುಬಾರಿ ಸ್ಪೋರ್ಟ್ಸ್ ಕಾರುಗಳ ಜಾಹೀರಾತಿನಲ್ಲಿ ಕಾಣುವ ಡ್ರೈ ವೇಟ್‌ನಲ್ಲಿ ಎಣ್ಣೆ, ನೀರು, ಪೆಟ್ರೋಲು ಯಾವುದೂ ಇರುವುದಿಲ್ಲ. ಆ ಸ್ಥಿತಿಯಲ್ಲಿ ಕಾರು ಓಡುವುದೂ ಇಲ್ಲ. ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿರುವ ದೊಡ್ಡ ಅಂಕಿ ಕಾರಿನ ತೂಕವೇ ಅಲ್ಲ, ಅದು ಕಾರು, ಜನ, ಸಾಮಾನು ಎಲ್ಲ ಸೇರಿ ಮೀರಬಾರದ ಒಟ್ಟು ಭಾರದ ಮಿತಿ.

ಒಟ್ಟು ತೂಕ ತಿಳಿದ ಮೇಲೆ ನಾಲ್ಕು ಚಕ್ರಗಳ ಮೇಲೆ ಅದು ಹೇಗೆ ಹಂಚಿದೆ ಎಂಬುದನ್ನು ನೋಡುವ ಆಸೆಯಾಯಿತು. ಆಸೆಗೊಂದು ಕಾರಣವೂ ಇತ್ತು. ಗಟ್ಟಿಯಾಗಿ ಬ್ರೇಕ್ ಒತ್ತಿದಾಗಲೆಲ್ಲ ಮುಂದಿನ ಬಲ ಚಕ್ರವೇ ಮೊದಲು ಲಾಕ್ ಆಗಿ ಹೊಗೆಯೆಬ್ಬಿಸುತ್ತಿತ್ತು. ಚಕ್ರ ಹಾಗೆ ಲಾಕ್ ಆಗದಂತೆ ತಡೆಯುವ ಎಬಿಎಸ್ ನನ್ನ ಕಾರಿನಲ್ಲಿ ಇಲ್ಲ. ಎಡ ತಿರುವಿನಲ್ಲಿ ಹಿಂಭಾಗ ಜಾರುತ್ತಿತ್ತು, ಬಲ ತಿರುವಿನಲ್ಲಿ ಮೂತಿಯೇ ಹೊರಗೆ ತಳ್ಳುತ್ತಿತ್ತು. ನಾನು ಬ್ರೇಕ್ ಪ್ಯಾಡುಗಳನ್ನು ಶಂಕಿಸಿ ಹೊಸ ಜೊತೆಯನ್ನು ತರಿಸಿಟ್ಟಿದ್ದೆ. ಸ್ನೇಹಿತರೊಬ್ಬರ ಬಳಿ ಚಕ್ರಕ್ಕೊಂದರಂತೆ ನಾಲ್ಕು ಹಲಗೆಗಳಿರುವ ಕಾರ್ನರ್ ವೇಟ್ ತಕ್ಕಡಿ ಇತ್ತು; ಒಂದು ವಾರಾಂತ್ಯಕ್ಕೆ ತಂದುಕೊಂಡೆ.

ತಕ್ಕಡಿ ಎಷ್ಟೇ ನಿಖರವಾಗಿದ್ದರೂ ನೆಲ ಸುಳ್ಳು ಹೇಳುತ್ತದೆ. ಗ್ಯಾರೇಜಿನ ನೆಲವನ್ನು ನೀರು ಹರಿಯಲೆಂದು ಬಾಗಿಲಿನ ಕಡೆಗೆ ಇಳಿಜಾರಾಗಿ ಹಾಕಿರುತ್ತಾರೆ. ಆ ಸಮನಾದ ಇಳಿಜಾರು ಅಷ್ಟು ತೊಂದರೆ ಕೊಡುವುದಿಲ್ಲ. ಒಂದು ಮೂಲೆ ಮಾತ್ರ ಉಳಿದ ಮೂರಕ್ಕಿಂತ ತಗ್ಗಿದ್ದರೆ ಅದೇ ಅಪಾಯ, ಏಕೆಂದರೆ ಆಗ ಕಾಲು ಕುಂಟಾದ ಮಂಚದಂತೆ ಕಾರು ಎರಡು ಎದುರುಬದುರು ಮೂಲೆಗಳ ಮೇಲೆ ಹೆಚ್ಚು ಭಾರ ಹಾಕುತ್ತದೆ. ಲೇಸರ್ ಉಪಕರಣ ನನ್ನ ಬಳಿ ಇರಲಿಲ್ಲ. ಊರಿನಲ್ಲಿ ಗಾರೆ ಕೆಲಸದವರು ಗೋಡೆಯ ಮಟ್ಟ ನೋಡಲು ಬಳಸುವ ಟ್ಯೂಬ್ ಲೆವೆಲ್ ನೆನಪಾಯಿತು. ಹತ್ತು ಮೀಟರ್ ಪಾರದರ್ಶಕ ಪೈಪಿಗೆ ನೀರು ತುಂಬಿ, ಒಳಗೆ ಗಾಳಿಯ ಗುಳ್ಳೆ ಉಳಿಯದಂತೆ ತಟ್ಟಿ, ಮಗಳನ್ನು ಒಂದು ತುದಿ ಹಿಡಿದುಕೊಳ್ಳಲು ಕೂರಿಸಿ ಅಳೆದರೆ, ಹಿಂದಿನ ಬಲ ಮೂಲೆ 6 ಮಿ.ಮೀ. ತಗ್ಗಿತ್ತು. ಮೂರು ಮಿ.ಮೀ. ದಪ್ಪದ ಎರಡು ವಿನೈಲ್ ಟೈಲುಗಳನ್ನು ಆ ಹಲಗೆಯ ಕೆಳಗಿಟ್ಟೆ. ಆಮೇಲೆ ಕುತೂಹಲಕ್ಕೆ ಅವನ್ನು ತೆಗೆದು ನೋಡಿದಾಗ ಕರ್ಣದ ಲೆಕ್ಕ, ಅಂದರೆ ಎದುರುಬದುರು ಮೂಲೆಗಳೆರಡರ ಮೇಲಿನ ಭಾರದ ಪಾಲು, ಶೇ. 1ರಷ್ಟು ಆಚೀಚೆಯಾಯಿತು.

ಟೈರಿನ ಗಾಳಿ ಸರಿಪಡಿಸಿ, ತಿರುವಿನಲ್ಲಿ ಕಾರು ವಾಲದಂತೆ ಎಡಬಲ ಚಕ್ರಗಳನ್ನು ಬೆಸೆಯುವ ಆಂಟಿ-ರೋಲ್ ಬಾರುಗಳ ಕೊಂಡಿ ಕಳಚಿ, ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲು ಉಳಿಸಿಕೊಂಡೆ. ಚಾಲಕನಿಲ್ಲದೆ ತೂಗಿದರೆ ಪ್ರಯೋಜನವಿಲ್ಲ. ನಾನೇ ಕುಳಿತರೆ ಸ್ಪ್ರಿಂಗು ತಿರುಗಿಸುವವರಿಲ್ಲ. ನನ್ನ ಬದಲಿಗೆ ಇಪ್ಪತ್ತು ಪೌಂಡಿನ ಎಂಟು ಚೀಲ ಸೋನಾ ಮಸೂರಿ, ನಾಲ್ಕು ಪೌಂಡಿನ ಎರಡು ಪೊಟ್ಟಣ ತೊಗರಿಬೇಳೆ ಮತ್ತು ಹೆಲ್ಮೆಟ್, ಒಟ್ಟು 78 ಕೆ.ಜಿ. ಅಷ್ಟು ಅಕ್ಕಿ ಕೊಂಡಾಗ ಅಂಗಡಿಯವರು ಮನೆಯಲ್ಲಿ ಮದುವೆಯೇ ಎಂದು ಕೇಳಿದರು. ಎರಡು ಚೀಲಗಳನ್ನು ಪೆಡಲುಗಳ ಬಳಿ ಕಾಲಿಡುವ ಜಾಗದಲ್ಲಿಟ್ಟೆ, ಏಕೆಂದರೆ ಮನುಷ್ಯನ ಭಾರವೆಲ್ಲ ಆಸನದ ಮೇಲಿರುವುದಿಲ್ಲ. ಜಾಕಿನಿಂದ ಇಳಿಸಿದ ಕೂಡಲೇ ಬಂದ ಅಂಕಿಯನ್ನು ನಂಬಬಾರದು. ಇಳಿಯುವಾಗ ಚಕ್ರಗಳು ಹೊರಕ್ಕೆ ಸರಿಯಬೇಕು, ರಬ್ಬರು ಹಲಗೆಯನ್ನು ಕಚ್ಚಿ ಹಿಡಿದುಬಿಡುತ್ತದೆ. ಆದ್ದರಿಂದ ಪ್ರತಿ ಸಲವೂ ಕಾರನ್ನು ಹಲಗೆಗಳಿಂದ ಕೆಳಕ್ಕುರುಳಿಸಿ, ಒತ್ತಿ ಕುಲುಕಿ, ಮತ್ತೆ ಮೇಲಕ್ಕುರುಳಿಸಿ ಓದಿಕೊಂಡೆ.

ಮುಂದೆ ಎಡಕ್ಕೆ 306, ಬಲಕ್ಕೆ 259. ಹಿಂದೆ ಎಡಕ್ಕೆ 250, ಬಲಕ್ಕೆ 261. ಒಟ್ಟು 1,076 ಕೆ.ಜಿ. ಮುಂದಿನ ಬಲ ಚಕ್ರದ ಮೇಲೆ ಎಡ ಚಕ್ರಕ್ಕಿಂತ 47 ಕೆ.ಜಿ. ಕಡಿಮೆ! ಭಾರ ಕಡಿಮೆಯಿರುವ ಚಕ್ರಕ್ಕೆ ಹಿಡಿತವೂ ಕಡಿಮೆ, ಬ್ರೇಕಿನ ಒತ್ತಡ ಮಾತ್ರ ಎರಡಕ್ಕೂ ಒಂದೇ. ಅದು ಮೊದಲು ಲಾಕ್ ಆಗದೆ ಇನ್ನೇನಾದೀತು? ಮುಂದಿನ ಬಲ ಮತ್ತು ಹಿಂದಿನ ಎಡ ಚಕ್ರಗಳನ್ನು ಕೂಡಿದರೆ 509, ಒಟ್ಟು ತೂಕದ ಶೇ. 47.3. ಕ್ರಾಸ್ ವೇಟ್ ಎನ್ನುವ ಈ ಅಂಕಿ 50ರ ಹತ್ತಿರವಿದ್ದರೆ ಕಾರು ಎರಡೂ ಕಡೆಗೆ ಒಂದೇ ರೀತಿ ತಿರುಗುತ್ತದೆ. ಅದಕ್ಕಿಂತ ಕಡಿಮೆಯಾದರೆ ಎಡ ತಿರುವಿನಲ್ಲಿ ಹಿಂಭಾಗ ಸಡಿಲವಾಗುತ್ತದೆ, ಬಲ ತಿರುವಿನಲ್ಲಿ ಮುಂಭಾಗ ಮೊಂಡಾಗುತ್ತದೆ. ಹಿಂದಿನ ವರ್ಷ ಕಾಯಿಲ್‌ಓವರ್, ಅಂದರೆ ಬಳೆ ತಿರುಗಿಸಿ ಎತ್ತರ ಹೊಂದಿಸಬಹುದಾದ ಸ್ಪ್ರಿಂಗುಗಳನ್ನು, ಕೂರಿಸುವಾಗ ನಾಲ್ಕೂ ಮೂಲೆಗಳ ಎತ್ತರವನ್ನು ಟೇಪಿನಿಂದ ಅಳೆದು ಸಮ ಮಾಡಿದವನು ನಾನೇ. ಎತ್ತರ ಸಮವಾದರೆ ಭಾರವೂ ಸಮವಾಗುತ್ತದೆಂದು ನಂಬಿದ್ದೆ.

ಮುಂದಿನ ಬಲ ಮತ್ತು ಹಿಂದಿನ ಎಡ ಸ್ಪ್ರಿಂಗುಗಳ ಬಳೆಗಳನ್ನು ಒಂದೂವರೆ ಸುತ್ತು ಮೇಲಕ್ಕೆ, ಉಳಿದೆರಡನ್ನು ಅಷ್ಟೇ ಕೆಳಕ್ಕೆ ತಿರುಗಿಸಿದೆ. ನಾಲ್ಕನೆಯ ಪ್ರಯತ್ನಕ್ಕೆ ಮುಂದೆ 292 ಮತ್ತು 273, ಹಿಂದೆ 264 ಮತ್ತು 247. ಕ್ರಾಸ್ ವೇಟ್ ಶೇ. 49.9. ಇಲ್ಲಿ ಗಮನಿಸಬೇಕಾದದ್ದೆಂದರೆ, ಮುಂದಿನ ಎರಡರ ಮೊತ್ತ 565, ಎಡಗಡೆಯ ಎರಡರ ಮೊತ್ತ 556, ಇವು ಮೊದಲಿದ್ದಂತೆಯೇ ಇವೆ. ಎಷ್ಟೇ ತಿರುಗಿಸಿದರೂ ಸ್ಪ್ರಿಂಗುಗಳು ಕರ್ಣದ ಹಂಚಿಕೆಯನ್ನಷ್ಟೇ ಬದಲಿಸುತ್ತವೆ. ಎಡದ ಭಾರವನ್ನು ಬಲಕ್ಕೆ ಒಯ್ಯಬೇಕಾದರೆ ವಸ್ತುವನ್ನೇ ಎತ್ತಿ ಆ ಕಡೆ ಇಡಬೇಕು.

ಆಗ ಹಳೆಯ ಬ್ಯಾಟರಿಯ ನೆನಪಾಯಿತು. ಮಾಜ್ದಾದವರು ಅದನ್ನು ಎಂಜಿನ್ನಿನ ಪಕ್ಕದಲ್ಲಿಡದೆ ಡಿಕ್ಕಿಯ ಬಲ ಮೂಲೆಯಲ್ಲಿಟ್ಟಿದ್ದರು. ಎಡಗಡೆ ಕೂರುವ ಚಾಲಕನಿಗೆ ಎದುರು ಮೂಲೆ ಅದು, ಹಿಂದಿನ ಆಕ್ಸಲ್ಲಿಗಿಂತಲೂ ಹಿಂದೆ. ನಾನು ದುಬಾರಿ ಲಿಥಿಯಂ ಬ್ಯಾಟರಿ ಹಾಕಿ ಉಳಿಸಿದ ಎಂಟು ಕೆ.ಜಿ. ಅತ್ಯಂತ ಉಪಯುಕ್ತ ಮೂಲೆಯಿಂದ ಹೋಗಿತ್ತು. ಹಳೆಯದನ್ನು ಮತ್ತೆ ಇಟ್ಟು ತೂಗಿದಾಗ ಹಿಂದಿನ ಆಕ್ಸಲ್ ಒಂಬತ್ತೂವರೆ ಕೆ.ಜಿ. ಏರಿ ಮುಂದಿನದು ಒಂದೂವರೆ ಇಳಿಯಿತು, ಆಕ್ಸಲ್ಲಿನಾಚೆ ಇಟ್ಟ ಭಾರ ಸನ್ನೆಗೋಲಿನಂತೆ ಮೂತಿಯನ್ನು ತುಸು ಎತ್ತುವುದರಿಂದ. ಮುಂದಿನ ಪಾಲು ಶೇ. 52.5ರಿಂದ 52ಕ್ಕೆ ಬಂತು. ಮಿಶಿಗನ್ನಿನ ಚಳಿಗೆ ಲಿಥಿಯಂ ಬೆಳಗ್ಗೆ ಎಂಜಿನ್ ತಿರುಗಿಸಲು ಮುನಿಸು ತೋರಿಸುತ್ತಿದ್ದದ್ದೂ ಸೇರಿ, ಹಳೆಯ ಬ್ಯಾಟರಿಯೇ ಉಳಿಯಿತು. ಕರ್ಣವನ್ನು ಮತ್ತೊಮ್ಮೆ ಹೊಂದಿಸಬೇಕಾಯಿತು.

ಗುರುತ್ವ ಕೇಂದ್ರದ ಎತ್ತರವನ್ನು ಅಳೆಯಲೂ ಹೋದೆ. ಹಿಂಭಾಗವನ್ನು 30 ಸೆಂ.ಮೀ. ಎತ್ತಿ ಮುಂದಿನ ತೂಕ ಎಷ್ಟು ಏರುತ್ತದೆಂದು ನೋಡುವ ವಿಧಾನ. ಏರಿದ್ದು ಸುಮಾರು ಹತ್ತು ಕೆ.ಜಿ. ಮಾತ್ರ, ಓದುವಾಗ ಒಂದು ಕೆ.ಜಿ. ತಪ್ಪಿದರೂ ಉತ್ತರ ಒಂದೂವರೆ ಸೆಂ.ಮೀ.ಗಿಂತ ಹೆಚ್ಚು ತಪ್ಪುತ್ತದೆ. ಸ್ಪ್ರಿಂಗುಗಳು ಅಲುಗದಂತೆ ಕಟ್ಟಿಹಾಕದೆ ಅದು ಆಗುವ ಕೆಲಸವಲ್ಲವೆಂದು ಅಲ್ಲಿಗೇ ಬಿಟ್ಟೆ.

ಈಗ ನೋಟ್‌ಬುಕ್ಕಿನಲ್ಲಿ ಪ್ರತಿ ತೂಕದ ಪಕ್ಕದಲ್ಲಿ ದಿನಾಂಕ, ಪೆಟ್ರೋಲಿನ ಮಟ್ಟ, ಚಾಲಕನಿದ್ದನೇ ಇಲ್ಲವೇ, ಯಾವ ತಕ್ಕಡಿ ಎಂಬ ನಾಲ್ಕು ಕಾಲಮ್ಮುಗಳಿವೆ. ಅದರ ಕೊನೆಯ ಸಾಲು: 1,084 ಕೆ.ಜಿ., ಕಾಲು ಟ್ಯಾಂಕ್, ಅಕ್ಕಿ ಸಮೇತ. ಮುಂದಿನ ಭಾನುವಾರ ಬ್ರೇಕ್ ಒತ್ತಿದಾಗ ಮುಂದಿನ ಎರಡೂ ಚಕ್ರಗಳು ಹೆಚ್ಚುಕಡಿಮೆ ಒಟ್ಟಿಗೇ ಕೂಗಿದವು. ತರಿಸಿಟ್ಟಿದ್ದ ಪ್ಯಾಡುಗಳು ಇನ್ನೂ ಪೆಟ್ಟಿಗೆಯಲ್ಲಿಯೇ ಇವೆ. ಅಕ್ಕಿ ಮಾತ್ರ ಯುಗಾದಿಯವರೆಗೂ ಬಂತು.