ಲಿನಕ್ಸ್‌ನಲ್ಲಿ ಎಪ್ಸನ್ ವಿ600: ಕಾಣದ ಸ್ಕ್ಯಾನರ್‌ನಿಂದ ನೆಗೆಟಿವ್ ಸ್ಕ್ಯಾನ್ ಮಾಡುವುದು ಹೇಗೆ?

ಮನೆಯಲ್ಲಿರುವ ಹಳೆಯ ನೆಗೆಟಿವ್‌ಗಳಿಗಾಗಿ ಎಪ್ಸನ್ ಪರ್ಫೆಕ್ಷನ್ ವಿ600 ಕೊಂಡು ಅದನ್ನು ಲಿನಕ್ಸ್‌ಗೆ ಜೋಡಿಸುವವರು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಎಡವುತ್ತಾರೆ. ಯುಎಸ್‌ಬಿ ಪಟ್ಟಿಯಲ್ಲಿ ಎಪ್ಸನ್ ಹೆಸರು ಇರುತ್ತದೆ. ಸ್ಕ್ಯಾನ್ ಮಾಡುವ ತಂತ್ರಾಂಶ ಮಾತ್ರ ‘ಸ್ಕ್ಯಾನರ್ ಸಿಗಲಿಲ್ಲ’ ಎನ್ನುತ್ತದೆ. ಕೇಬಲ್ ಬದಲಾಯಿಸಿ, ಕೊನೆಗೆ ಇಡೀ ಸಿಸ್ಟಮ್ ಮತ್ತೆ ಇನ್‌ಸ್ಟಾಲ್ ಮಾಡಿದವರೂ ಇದ್ದಾರೆ. ಅದ್ಯಾವುದೂ ಬೇಕಿಲ್ಲ. ಡೆಬಿಯನ್, ಉಬುಂಟು, ಮಿಂಟ್‌ಗಳಲ್ಲಿ ಬಹುಪಾಲು ಸಲ ಆಗಿರುವುದು ಇಷ್ಟೇ: ಡ್ರೈವರ್ ಒಂದು ಫೋಲ್ಡರ್‌ನಲ್ಲಿ ಕೂತಿರುತ್ತದೆ, ಸಿಸ್ಟಮ್ ಇನ್ನೊಂದು ಫೋಲ್ಡರ್‌ನಲ್ಲಿ ಹುಡುಕುತ್ತಿರುತ್ತದೆ.

ಲಿನಕ್ಸ್‌ನಲ್ಲಿ ಸ್ಕ್ಯಾನರ್‌ಗಳನ್ನು ನಡೆಸುವುದು ‘ಸೇನ್’ (sane) ಎಂಬ ಮುಕ್ತ ತಂತ್ರಾಂಶ. ವಿ700ರಂಥ ಮಾದರಿಗಳು ಎಪ್ಸನ್‌ನ ‘ಇಎಸ್‌ಸಿ/ಐ’ ಆದೇಶಗಳನ್ನು ನೇರವಾಗಿ ಅರ್ಥಮಾಡಿಕೊಳ್ಳುವುದರಿಂದ ಸೇನ್ ಜೊತೆಗೇ ಬರುವ ‘ಎಪ್ಸನ್2’ ಡ್ರೈವರ್‌ಗೆ ಒಗ್ಗುತ್ತವೆ. ವಿ600ಕ್ಕೆ ಆ ಭಾಷೆ ಬಾರದು. ನಡುವೆ ಒಬ್ಬ ದುಭಾಷಿಯಂತೆ ಎಪ್ಸನ್‌ನದೇ ಪ್ಲಗಿನ್ ಬೇಕು, ಅದರ ಮೂಲಸಂಕೇತ ಮುಕ್ತವಲ್ಲ. ಅದು ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಿಗೆ ಮಾತ್ರ ಸಿದ್ಧವಾಗಿರುವುದರಿಂದ ರಾಸ್‌ಬೆರಿ ಪೈಗೆ ಈ ಸ್ಕ್ಯಾನರ್ ಜೋಡಿಸುವ ಯೋಚನೆಯನ್ನು ಇಲ್ಲೇ ಬಿಡಿ. ಇನ್ನೂ ಸ್ಕ್ಯಾನರ್ ಕೊಂಡಿಲ್ಲವೆಂದರೆ ಸೆಕೆಂಡ್ ಹ್ಯಾಂಡ್ ವಿ700 ಹುಡುಕಿ. ಮುಂದಿನ ಅರ್ಧ ಲೇಖನ ಓದುವ ಅಗತ್ಯವೇ ಬೀಳದು.

(ಕೆಳಗಿನ ಆದೇಶಗಳನ್ನೂ ಫೋಲ್ಡರ್ ಹೆಸರುಗಳನ್ನೂ ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು.)

ಹಂತ 1: ‘ಎಲ್‌ಎಸ್‌ಯುಎಸ್‌ಬಿ’ ಕೊಡಿ. 04ಬಿ8:013ಎ ಎಂದಿದ್ದರೆ ವಿ600. 04ಬಿ8:0130 ಇದ್ದರೆ ಅದು ವಿ500. ಪ್ಲಗಿನ್ ಬೇರೆ, ಉಳಿದದ್ದೆಲ್ಲ ಇದೇ ದಾರಿ. ‘ಸೇನ್-ಫೈಂಡ್-ಸ್ಕ್ಯಾನರ್’ ಆದೇಶಕ್ಕೆ ಉತ್ತರ ಬಂತೆಂದು ಹಿಗ್ಗಬೇಡಿ. ಅದು ಯುಎಸ್‌ಬಿಯಲ್ಲಿ ಸ್ಕ್ಯಾನರ್‌ನಂಥದ್ದೊಂದು ಇದೆ ಎಂದಷ್ಟೇ ಹೇಳುತ್ತದೆ, ಡ್ರೈವರ್ ಇದೆ ಎಂದಲ್ಲ. ನಂಬಬೇಕಾದದ್ದು ‘ಸ್ಕ್ಯಾನ್‌ಇಮೇಜ್’ ಆದೇಶವನ್ನು. ಅದರ ಬಳಿಕ ಜಾಗ ಬಿಟ್ಟು ಹೈಫನ್ ಮತ್ತು ಎಲ್ ಹಾಕಬೇಕು, ಆ ಎಲ್ ಮಾತ್ರ ದೊಡ್ಡಕ್ಷರ.

ಹಂತ 2: ಎಪ್ಸನ್‌ನ ಅಧಿಕೃತ ಲಿನಕ್ಸ್ ಡೌನ್‌ಲೋಡ್ ಪುಟದಿಂದ ‘ಐಸ್ಕ್ಯಾನ್’ ಎಂಬ ಡ್ರೈವರ್ ಬಂಡಲ್‌ನ 64 ಬಿಟ್ ಡೆಬ್ ಆವೃತ್ತಿ ಇಳಿಸಿಕೊಳ್ಳಿ. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ’ ಎನ್ನುವ ತಾಣಗಳ ಕಡೆ ತಲೆ ಹಾಕಬೇಡಿ. ಮೊದಲು ‘ಎಕ್ಸ್‌ಎಸ್‌ಎಲ್‌ಟಿಪ್ರಾಕ್’ ಪ್ಯಾಕೇಜ್ ಹಾಕಿಕೊಂಡು, ನಂತರ ಬಂಡಲ್‌ನಲ್ಲಿರುವ ಡೇಟಾ, ಕೋರ್, ಪ್ಲಗಿನ್ ಪ್ಯಾಕೇಜ್‌ಗಳನ್ನು ಇದೇ ಕ್ರಮದಲ್ಲಿ ಇನ್‌ಸ್ಟಾಲ್ ಮಾಡಿ. ವಿ600ರ ಪ್ಲಗಿನ್ ಹೆಸರು ಜಿಟಿ-ಎಕ್ಸ್820, ವಿ500ರದು ಜಿಟಿ-ಎಕ್ಸ್770. ಜಪಾನಿನಲ್ಲಿ ಈ ಯಂತ್ರಗಳಿಗಿರುವ ಹೆಸರೇ ಅವು. ನೆಟ್‌ವರ್ಕ್ ಪ್ಯಾಕೇಜ್ ಬೇಡ.

ಹಂತ 3: ಎಲ್ಲರೂ ಸೋಲುವುದು ಇಲ್ಲಿ. ಇನ್‌ಸ್ಟಾಲ್ ಸರಾಗವಾಗಿ ಮುಗಿಯುತ್ತದೆ, ಒಂದೂ ದೋಷ ತೋರಿಸುವುದಿಲ್ಲ, ಆದರೂ ಸ್ಕ್ಯಾನರ್ ಕಾಣುವುದಿಲ್ಲ. ಎಪ್ಸನ್‌ನ ಪ್ಯಾಕೇಜ್ ತನ್ನ ‘ಲಿಬ್‌ಸೇನ್-ಎಪ್ಕೋವಾ’ (libsane-epkowa) ಡ್ರೈವರ್ ಫೈಲುಗಳನ್ನು /ಯುಎಸ್‌ಆರ್/ಲಿಬ್/ಸೇನ್ ಎಂಬಲ್ಲಿ ಇಡುತ್ತದೆ. ಡೆಬಿಯನ್ ಬಳಗದ 64 ಬಿಟ್ ಸಿಸ್ಟಮ್‌ಗಳು ಹುಡುಕುವುದು /ಯುಎಸ್‌ಆರ್/ಲಿಬ್/ಎಕ್ಸ್86_64-ಲಿನಕ್ಸ್-ಗ್ನು/ಸೇನ್ (/usr/lib/x86_64-linux-gnu/sane) ಎಂಬಲ್ಲಿ. ಅಲ್ಲಿಲ್ಲದ ಡ್ರೈವರನ್ನು ಸೇನ್ ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ‘ಸೇನ್_ಡಿಬಗ್_ಡಿಎಲ್‌ಎಲ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ (ಇದು ಪೂರ್ತಿ ದೊಡ್ಡಕ್ಷರ) 255 ಎಂಬ ಬೆಲೆ ಕೊಟ್ಟು ಸ್ಕ್ಯಾನ್‌ಇಮೇಜ್ ಓಡಿಸಿದರೆ ಅದು ಎಲ್ಲೆಲ್ಲಿ ಹುಡುಕಿತೆಂಬುದು ಸಾಲುಸಾಲಾಗಿ ಕಾಣುತ್ತದೆ.

ಪರಿಹಾರ ಒಂದು ಲಿಂಕ್. ‘ಸುಡೋ ಎಲ್‌ಎನ್’ ಆದೇಶಕ್ಕೆ (ಸುಡೋ ಎಂದರೆ ನಿರ್ವಾಹಕರ ಅಧಿಕಾರದಲ್ಲಿ ಓಡಿಸು ಎಂದು) ಹೈಫನ್ ಎಸ್ ಸೇರಿಸಿ, ಮೊದಲ ಫೋಲ್ಡರ್‌ನ ಎಪ್ಕೋವಾ ಫೈಲುಗಳನ್ನೆಲ್ಲ ಎರಡನೆಯದಕ್ಕೆ ಜೋಡಿಸಿ. ‘ಎಲ್ಲ’ ಎಂಬುದನ್ನು ಗಮನಿಸಿ. ‘ಡಾಟ್ ಎಸ್‌ಒ’ ಎಂದು ಮುಗಿಯುವ ಒಂದನ್ನೇ ಜೋಡಿಸಿ ಕೈತೊಳೆದುಕೊಳ್ಳುವವರು ಬಹಳ. ಸೇನ್ ಕೇಳುವುದು ಕೊನೆಯಲ್ಲಿ ‘ಡಾಟ್ 1’ ಇರುವ ಹೆಸರನ್ನು. ಆದ್ದರಿಂದ ಎಪ್ಕೋವಾ ಎಂಬುದರ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ. ಫೈಲುಗಳನ್ನು ಕಾಪಿ ಮಾಡಿದರೂ ಸದ್ಯಕ್ಕೆ ನಡೆಯುತ್ತದೆ, ಆದರೆ ಪ್ಯಾಕೇಜ್ ಹೊಸದಾದಾಗ ಹಳೆಯ ಪ್ರತಿ ಹಾಗೇ ಉಳಿದು ತಲೆ ತಿನ್ನುತ್ತದೆ. ಫೆಡೋರಾದವರಿಗೆ ಈ ಗೋಳಿಲ್ಲ.

ಇದರ ಜೊತೆಗೆ /ಇಟಿಸಿ/ಸೇನ್.ಡಿ ಒಳಗಿನ ಡಿಎಲ್‌ಎಲ್ ಕಾನ್ಫ್ (dll.conf) ಫೈಲಿನಲ್ಲಿ ‘ಎಪ್ಕೋವಾ’ ಎಂಬ ಸಾಲು ಇದೆಯೇ ನೋಡಿ, ಸಾಲಿನ ಆರಂಭದಲ್ಲಿ ಹ್ಯಾಶ್ ಚಿಹ್ನೆ ಇದ್ದರೆ ಅಳಿಸಿ. ಸಾಲೇ ಇಲ್ಲದಿದ್ದರೆ ನೀವೇ ಸೇರಿಸಿ.

ಹಂತ 4: ಸುಡೋ ಹಾಕಿದರೆ ಮಾತ್ರ ಸ್ಕ್ಯಾನರ್ ಕಾಣುತ್ತದೆಯೇ? ಹಾಗಾದರೆ ಡ್ರೈವರ್ ಸರಿಯಿದೆ, ಅನುಮತಿ ಇಲ್ಲ. ದಿನಾ ಸುಡೋ ಹಾಕಿ ಸ್ಕ್ಯಾನ್ ಮಾಡುವುದು ಪರಿಹಾರವಲ್ಲ. ಯಾವ ಸಾಧನವನ್ನು ಯಾರು ಬಳಸಬಹುದೆಂದು ಹೇಳುವ ಸಿಸ್ಟಮ್‌ನ ಯುಡೆವ್ ನಿಯಮಗಳಲ್ಲಿ ಲಿಬ್‌ಸೇನ್ ಹೆಸರಿನ ಫೈಲ್ ತೆರೆದು, 04ಬಿ8 ಇರುವ ಯಾವುದಾದರೂ ಒಂದು ಸಾಲನ್ನು ಎತ್ತಿಕೊಂಡು, ಅದರ ಮಾದರಿ ಸಂಖ್ಯೆಯನ್ನು 013ಎ (ವಿ500 ಆದರೆ 0130) ಎಂದು ತಿದ್ದಿ. ಅದನ್ನು /ಇಟಿಸಿ/ಯುಡೆವ್/ರೂಲ್ಸ್.ಡಿ ಒಳಗೆ, ಹೆಸರು 59ರಿಂದ ಶುರುವಾಗಿ ‘ಡಾಟ್ ರೂಲ್ಸ್’ ಎಂದು ಮುಗಿಯುವ ಹೊಸ ಫೈಲಿನಲ್ಲಿ ಉಳಿಸಿ. 59 ಏಕೆಂದರೆ ಸೇನ್‌ನ ಮೂಲ ನಿಯಮ 60ರಲ್ಲಿರುತ್ತದೆ. ನಿಮ್ಮದು ಅದಕ್ಕೂ ಮೊದಲು ಓದಿಸಿಕೊಳ್ಳಬೇಕು. ಬಳಿಕ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ.

ಹಂತ 5: ಸ್ಕ್ಯಾನ್ ಮಾಡಲು ‘ಎಕ್ಸ್‌ಸೇನ್’ ಬಳಸಿ, ಅದನ್ನೂ ಸಿಸ್ಟಮ್‌ನ ಭಂಡಾರದಿಂದಲೇ ಹಾಕಿಕೊಳ್ಳಿ. ಫ್ಲ್ಯಾಟ್‌ಪ್ಯಾಕ್ ರೂಪದ ಸ್ಕ್ಯಾನ್ ಆ್ಯಪ್‌ಗಳು ತಮ್ಮದೇ ಸೇನ್ ಹೊತ್ತು ತರುತ್ತವೆ, ನೀವು ಇಷ್ಟು ಹೊತ್ತು ಜೋಡಿಸಿದ್ದು ಅವಕ್ಕೆ ಕಾಣದು. ಮುಚ್ಚಳದೊಳಗಿನ ಬಿಳಿ ಮ್ಯಾಟ್ ತೆಗೆಯಿರಿ. ಮರೆತರೆ ಚಿತ್ರ ಪೂರ್ತಿ ಕಪ್ಪು. ಫಿಲ್ಮ್ ಹೋಲ್ಡರ್‌ನ ತುದಿಯಲ್ಲಿ ಖಾಲಿ ಕಿಂಡಿಯೊಂದಿದೆ. ಬಣ್ಣ ಹೊಂದಿಸಿಕೊಳ್ಳಲು ಯಂತ್ರ ಬೆಳಕು ಅಳೆಯುವುದು ಅಲ್ಲಿ, ಅಡ್ಡ ಏನೂ ಬರಕೂಡದು. ಬಂದರೆ ಉದ್ದಕ್ಕೂ ಗೆರೆ ಬೀಳುತ್ತದೆ.

ಸ್ಕ್ಯಾನ್ ಮೂಲವಾಗಿ (ಸೋರ್ಸ್) ಟ್ರಾನ್ಸ್‌ಪರೆನ್ಸಿ ಯೂನಿಟ್, ಅಂದರೆ ಮುಚ್ಚಳದೊಳಗಿನ ಫಿಲ್ಮ್ ದೀಪವನ್ನು ಆರಿಸಿ. ನೆಗೆಟಿವ್ ಇಟ್ಟಿದ್ದರೂ ಫಿಲ್ಮ್ ಬಗೆ ‘ಪಾಸಿಟಿವ್’ ಇರಲಿ, ಬಣ್ಣಕ್ಕೆ 16 ಬಿಟ್ ಆಳ ಕೊಡಿ, ಟಿಫ್ ಆಗಿ ಉಳಿಸಿ. ಎಕ್ಸ್‌ಸೇನ್ ಸೆಟಪ್‌ನಲ್ಲಿ 16 ಬಿಟ್ ಚಿತ್ರವನ್ನು 8ಕ್ಕೆ ಇಳಿಸುವ ಗುರುತು ಹಾಕಿದ್ದರೆ ತೆಗೆಯಿರಿ. ನೆಗೆಟಿವ್‌ನ ಬಣ್ಣಗಳನ್ನು ತಿರುವುಮುರುವು ಮಾಡಿ ಕಿತ್ತಳೆ ಛಾಯೆ ಕಳೆಯುವ ಕೆಲಸವನ್ನು ಫೋಟೊ ತಿದ್ದುವ ‘ಡಾರ್ಕ್‌ಟೇಬಲ್’ ತಂತ್ರಾಂಶಕ್ಕೆ ಬಿಡಿ, 2020ರ 3.2 ಆವೃತ್ತಿಯಿಂದ ಅದರಲ್ಲಿ ಇದಕ್ಕೆಂದೇ ‘ನೆಗಾಡಾಕ್ಟರ್’ ಇದೆ, ಸ್ಕ್ಯಾನರ್ ಡ್ರೈವರ್ ಮಾಡುವುದಕ್ಕಿಂತ ಎಷ್ಟೋ ಚೆನ್ನಾಗಿ ಮಾಡುತ್ತದೆ.

ಡಬ್ಬಿಯ ಮೇಲಿನ 6400 ಡಿಪಿಐಗೆ ಮರುಳಾಗಬೇಡಿ. 35 ಎಂಎಂನ ಒಂದು ಫ್ರೇಮ್ 2400ರಲ್ಲಿ ಸುಮಾರು 46 ಎಂಬಿ, 6400ರಲ್ಲಿ ಸುಮಾರು 330 ಎಂಬಿ. ಹೆಚ್ಚುವುದು ಫೈಲಿನ ತೂಕ, ಚಿತ್ರದ ವಿವರ ಅಷ್ಟಾಗಿ ಅಲ್ಲ. ದೂಳು ಅಳಿಸುವ ‘ಡಿಜಿಟಲ್ ಐಸ್’ ಈ ಡ್ರೈವರ್‌ನಲ್ಲಿ ಸಿಗದು, ಹಾಗಾಗಿ ರಬ್ಬರ್ ಬ್ಲೋವರ್ ಪಕ್ಕದಲ್ಲಿರಲಿ. ಮಾಮೂಲಿ ಕಪ್ಪು-ಬಿಳುಪು ಫಿಲ್ಮ್‌ಗೆ ಆ ಸೌಲಭ್ಯ ವಿಂಡೋಸ್‌ನಲ್ಲೂ ಕೆಲಸಕ್ಕೆ ಬರುವುದಿಲ್ಲ.

ಸಿಸ್ಟಮ್‌ನ ಆವೃತ್ತಿ ಬದಲಾದ ಮೇಲೆ ಸ್ಕ್ಯಾನರ್ ಮತ್ತೆ ಮಾಯವಾದರೆ ಮೂರನೇ ಹಂತದ ಲಿಂಕ್‌ಗಳನ್ನೂ ಡಿಎಲ್‌ಎಲ್ ಕಾನ್ಫ್ ಸಾಲನ್ನೂ ಮೊದಲು ನೋಡಿ. ಎರಡೂ ಇದ್ದು ಕೆಲಸ ಮಾಡದಿದ್ದರಷ್ಟೇ ಪ್ಲಗಿನ್ ಮತ್ತೆ ಇನ್‌ಸ್ಟಾಲ್ ಮಾಡಿ.